ಮೊಳೆಗೆ ತೂಗುಹಾಕಿದ ಕೀ

"ಬೈಕು ಇಲ್ಯಾಕೆ ನಿಂತೈತೆ?"

ಸಂಧ್ಯಾರಾಣಿ ಮೂರನೇ ಸಲ ಕೇಳಿದಳು. ಹಿರೇಮಾಳದ ಕರೆಂಟ್ ಸ್ಟೇಷನ್ನಿನ ಆಪರೇಟರ್ ಓಂಕಾರ್ ಮೂರನೇ ಸಲವೂ ಬೇವಿನ ಮರವನ್ನೇ ನೋಡಿದ.

ಮರದ ಕೆಳಗಿದ್ದ ಬೈಕಿನ ಸೀಟಿನ ಮೇಲೆ ಹತ್ತೊಂಬತ್ತು ದಿನದ ಧೂಳು ಕೂತಿತ್ತು. ಧೂಳಿನ ಮೇಲೆ ಕಾಗೆ ಹಿಕ್ಕೆ. ಹಿಂದಿನ ಮಡ್‌ಗಾರ್ಡಿನಲ್ಲಿ ಕೆಂಪು ಅಕ್ಷರದ ಹೆಸರು: ಶರಣು. ಆ ಹೆಸರು ಬರೆಸಿದವನು ಇಲ್ಲಿಂದ ಮೂರು ಕಿಲೋಮೀಟರ್ ಆಚೆ, ಕೆರೆ ಏರಿಯ ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ, ಕೈಯಲ್ಲಿ ಇಕ್ಕಳ ಹಿಡಿದೇ ಸತ್ತಿದ್ದ.

ಕರೆಂಟಿನಿಂದಾದ ಸಾವುಗಳ ತನಿಖೆ ಮಾಡುವ ಸಹಾಯಕ ಪರಿವೀಕ್ಷಕಿ ಸಂಧ್ಯಾರಾಣಿ. ನಾಳೆ ಸಂಜೆಯೊಳಗೆ ಅವಳು ಒಂದು ವಾಕ್ಯ ಬರೆದುಕೊಡಬೇಕಿತ್ತು, ತಪ್ಪು ಯಾರದು ಎಂದು. ಶರಣು ಗುತ್ತಿಗೆಯ ಲೈನ್‌ಮನ್. ತಪ್ಪು ಅವನದೇ ಎಂದಾದರೆ ಅವನ ಹೆಂಡತಿ ಸುನೀತಾಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ.

"ನನಗೇನು ಗೊತ್ತು ಮೇಡಂ," ಓಂಕಾರ್ ಕೊನೆಗೆ ಬಾಯಿ ಬಿಟ್ಟ. "ಬೈಕ್ ಇಲ್ಲಿ ಬಿಟ್ಟು ನಡ್ಕಂಡು ಹೋಗಿರ್ಬೇಕು."

"ಹೆಗಲ ಮೇಲೆ ಹಗ್ಗ, ಚೀಲದ ತುಂಬ ಸಾಮಾನು, ನೆತ್ತಿ ಮೇಲೆ ಬಿಸಿಲು. ಬೈಕ್ ಇಟ್ಕೊಂಡು ಯಾರಾದ್ರೂ ಮೂರು ಕಿಲೋಮೀಟರ್ ನಡೀತಾರೇನಪ್ಪಾ?"

ಓಂಕಾರ್ ತನ್ನ ಬೈಕಿನ ಕೀಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದ. ಅದಕ್ಕೆ ಪ್ಲಾಸ್ಟಿಕ್ಕಿನ ಹಸಿರು ಗಿಳಿಯೊಂದು ಜೋತುಬಿದ್ದಿತ್ತು. ಗಿಳಿ ಗಿರಗಿರನೆ ಸುತ್ತಿ, ನಿಂತು, ಮತ್ತೆ ಸುತ್ತಿತು.

ಅವಳು ಒಳಗೆ ಹೋದಳು. ಲೈನುಗಳನ್ನು ಬಂದ್ ಮಾಡುವ, ಬಿಡುವ ಸ್ವಿಚ್ಚುಗಳ ಪೆಟ್ಟಿಗೆ ಗೋಡೆಯುದ್ದಕ್ಕೂ ನಿಂತಿತ್ತು. ಮೇಜಿನ ಮೇಲೆ ಲಾಗ್ ಪುಸ್ತಕ. ಆ ದಿನದ ಪುಟದಲ್ಲಿ ಓಂಕಾರನ ಗುಂಡು ಅಕ್ಷರ ಸ್ಪಷ್ಟವಾಗಿತ್ತು: ಪಂಪ್‌ಸೆಟ್ ಲೈನ್ ಬೆಳಗ್ಗೆ ಒಂಬತ್ತಕ್ಕೆ ಬಿಟ್ಟಿದೆ, ಹನ್ನೊಂದು ನಲವತ್ತೆರಡಕ್ಕೆ ತಾನಾಗಿಯೇ ಟ್ರಿಪ್ ಆಗಿ ನಿಂತಿದೆ. ಶರಣು ಲೈನ್ ಬಂದ್ ಮಾಡಿಸಿಕೊಂಡ ದಾಖಲೆ ಎಲ್ಲೂ ಇರಲಿಲ್ಲ. ಪುಸ್ತಕದ ಪ್ರಕಾರ, ಹರಿಯುತ್ತಿದ್ದ ಕರೆಂಟಿಗೆ ಅವನೇ ಹೋಗಿ ಕೈಹಾಕಿದ್ದ.

ಪೆಟ್ಟಿಗೆಯ ಪಕ್ಕದ ಗೋಡೆಯಲ್ಲಿ ಒಂದು ಮೊಳೆ ಇತ್ತು. ಮೊಳೆ ಖಾಲಿ. ಆದರೆ ಅದರ ಕೆಳಗಿನ ಸುಣ್ಣ ಅರ್ಧ ಚಂದ್ರಾಕಾರದಲ್ಲಿ ಸವೆದು ಒಳಗಿನ ಸಿಮೆಂಟ್ ಕಾಣುತ್ತಿತ್ತು. ವರ್ಷಗಟ್ಟಲೆ ಯಾವುದೋ ಲೋಹ ಅಲ್ಲಿ ತೂಗಾಡಿ ಉಜ್ಜಿದ ಗುರುತು.

"ಇಲ್ಲೇನು ತೂಗು ಹಾಕ್ತೀರಿ?"

ಓಂಕಾರನ ಕೈಯಲ್ಲಿ ಗಿಳಿ ನಿಂತಿತು.

"ಕೀ," ಎಂದ ಮೆಲ್ಲಗೆ. "ಕಂಬ ಹತ್ತೋನು ತನ್ನ ಬೈಕಿನ ಕೀ ಇಲ್ಲಿ ಹಾಕಿ ನಡ್ಕಂಡು ಹೋಗ್ಬೇಕು. ಕೀ ಮೊಳೆ ಮ್ಯಾಗೆ ಇರೋಗಂಟ ಲೈನ್ ಬಿಡಂಗಿಲ್ಲ. ಅವನೇ ವಾಪಸ್ ಬಂದು, ಅವನ ಕೈಯ್ಯಾರೆ ಕೀ ತಗೀಬೇಕು. ಪುಸ್ತಕದಾಗೆ ಬರೆಯಾದು ಮರೆತ್ರೂ ಇದನ್ನ ಯಾರೂ ಮರೆಯಲ್ಲ ಮೇಡಂ. ಕೀ ಇಲ್ದೆ ಮನೀಗೆ ಹೆಂಗೆ ಹೋಗ್ತಾನೆ ಅವ್ನು?"

"ಈ ಪದ್ಧತಿ ಯಾರು ಮಾಡಿದ್ದು?"

ಓಂಕಾರ್ ಕಿಟಕಿಯ ಕಡೆ ಗದ್ದ ಎತ್ತಿ ತೋರಿಸಿದ. ಕಾಂಪೌಂಡಿಗೆ ಯಾರೋ ಪೋಸ್ಟರ್ ಅಂಟಿಸಿದ್ದರು. ಕೈಮುಗಿದು ನಗುತ್ತಿದ್ದ ಅರವತ್ತೆರಡರ ಮನುಷ್ಯ. ಕೆಳಗೆ ದಪ್ಪ ಅಕ್ಷರ: ನಿಮ್ಮ ರುದ್ರಮುನಿ, ಲೋಕಸಭೆಗೆ.

"ಮತ್ತೆ ಶರಣುದು ಕೀ ಎಲ್ಲಿ ಓಂಕಾರ್?"

"ನನಗೊತ್ತಿಲ್ಲ ಮೇಡಂ," ಎಂದ ಅವನು. "ನಾಳೆಯಿಂದ ನನ್ನ ಚನ್ನಗಿರಿಗೆ ಹಾಕ್ಯಾರೆ. ನನ್ನ ಏನೂ ಕೇಳಬ್ಯಾಡ್ರಿ."

*

ಗೇಟಿನೆದುರು ಟೀ ಅಂಗಡಿ. ಬೆಂಚಿನ ಮೇಲೆ ಕಂಬಳಿ ಮಡಚಿ ಹಾಕಿಕೊಂಡು ಕೂತಿದ್ದ ಜುಂಜಪ್ಪ ಅವಳನ್ನು ಕಂಡು ಜಾಗ ಬಿಟ್ಟ. ನಲವತ್ತು ಕುರಿ, ಮೂರು ಎಕರೆ ಮೆಕ್ಕೆಜೋಳ, ಒಂದು ಬೋರು ಇರುವ ಮನುಷ್ಯ.

"ಏನವ್ವ, ಸಿಕ್ತಾ ಏನಾದ್ರೂ? ನಾಕು ದಿನದಿಂದ ಆ ಗಾಡಿ ಸುತ್ತ ಪ್ರದಕ್ಷಿಣೆ ಹಾಕ್ತಿದೀಯ. ಕೊಂಡ್ಕಳಂಗಿದ್ರೆ ಹೇಳು, ರೇಟ್ ನಾನು ಮಾತಾಡ್ತೀನಿ."

"ಅವತ್ತು ಲೈನ್ ಎಷ್ಟು ಗಂಟೆಗೆ ಬಂತು ಜುಂಜಪ್ಪಾ?"

ಅವನ ನಗು ಇಳಿಯಿತು. ಅಂಗಡಿಯವನು ಒಳಗೆ ಹೋಗುವವರೆಗೆ ಕಾದು, ಅಂಗಿ ಜೇಬಿನಿಂದ ಫೋನ್ ತೆಗೆದ. ಹಳೆಯ ಗುಂಡಿ ಫೋನು. ಬೋರಿಗೆ ಕೂರಿಸಿದ್ದ ಮೊಬೈಲ್ ಸ್ಟಾರ್ಟರ್ ಕರೆಂಟ್ ಬಂದ ಅರ್ಧ ನಿಮಿಷದಲ್ಲಿ ಆ ಫೋನಿಗೆ ಮಿಸ್ಡ್ ಕಾಲ್ ಕೊಡುತ್ತಿತ್ತು. ಊರಿನ ಎಲ್ಲ ಬೋರುಗಳಿಗೂ ಈಗ ಅದೇ. ಆ ನಂಬರನ್ನು ಅವನು 'ಮೋಟ್ರು' ಎಂದು ಸೇವ್ ಮಾಡಿಸಿದ್ದ.

ಅವಳು ಫೋನ್ ತೆಗೆದುಕೊಂಡು ಕಾಲ್‌ಗಳ ಪಟ್ಟಿಯಲ್ಲಿ ಕೆಳಗಿಳಿದಳು. ಆ ದಿನಾಂಕ. ಮೋಟ್ರು. ಹನ್ನೊಂದು ನಲವತ್ತು.

ಒಂಬತ್ತಕ್ಕೆ ಅಲ್ಲ. ಹನ್ನೊಂದು ನಲವತ್ತಕ್ಕೆ. ಶರಣು ಹತ್ತಿದಾಗ ಲೈನ್ ಬಂದ್ ಆಗಿಯೇ ಇತ್ತು.

"ನಾವೆಲ್ಲ ಜಗಳೂರು ಮೈದಾನದಾಗೆ ಇದ್ವಿ ತಾಯಿ," ಜುಂಜಪ್ಪ ನೆಲ ನೋಡುತ್ತ ಹೇಳಿದ. "ರುದ್ರಮುನಿ ಸಾಹೇಬ್ರು ಮೈಕ್ ಹಿಡ್ಕಂಡು, ರಾತ್ರಿ ಹೊತ್ತು ಹಾವು ಹುಪ್ಪಟೆ ತುಳ್ಕಂಡು ನೀರು ಹಾಯ್ಸಿದ್ದು ಸಾಕು, ಇವತ್ನಿಂದ ನಿಮಗೆ ಹಗಲು ಕರೆಂಟು, ಈಗಲೇ ಬರ್ತದೆ ನೋಡ್ರಿ ಅಂದ್ರು. ಅಂದ ಎರಡು ನಿಮಿಷಕ್ಕೆ ನನ್ನ ಫೋನ್ ಹೊಡ್ಕಂತು. ಪಕ್ಕದೋನ್ದು ಹೊಡ್ಕಂತು. ಮೈದಾನದ ತುಂಬ ಫೋನು. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು."

ಅವನು ಕಂಬಳಿಯ ಮಡಿಕೆ ಸರಿಮಾಡಿದ.

"ನಾನೂ ಹೊಡೆದೆ. ಶರಣು ಅವಾಗ್ಲೇ ಸತ್ತಿದ್ದು."

"ಇದನ್ನ ಬರ್ಕೊಡ್ತೀಯಾ?"

"ಬರ್ಕೊಡಾಕೆ ಆಗಲ್ಲವ್ವ."

"ಹೆದರಿಸಿದ್ರಾ?"

"ಹೆದರ್ಸಾದು ಯಾಕೆ? ಅವತ್ನಿಂದ ದಿನಾ ಒಂಬತ್ತಕ್ಕೆ ಕರೆಂಟ್ ಬಿಡ್ತಾ ಅವ್ರೆ. ಹದಿನೈದು ವರ್ಷದಾಗೆ ನಾನು ಹಗಲು ನೀರು ಕಟ್ಟಿದ್ದು ಇದೇ ಮೊದಲು. ನಾನು ಸೈನ್ ಹಾಕಿದ್ರೆ ನಾಳೆಯಿಂದ ಮತ್ತೆ ಕರೆಂಟು ರಾತ್ರಿ ಪಾಳಿಗೆ. ಊರೋರೆಲ್ಲ ನನ್ನ ಹಟ್ಟಿ ಮುಂದೆ ನಿಂತು ಉಗೀತಾರೆ. ಮಿಕ್ಕೋರು ಆ ಕಾಲ್ ಅಳಿಸಿ ಹಾಕ್ಯಾರೆ. ನನಗೆ ಅಳ್ಸಾಕೆ ಬರಲ್ಲ, ಅದಕ್ಕೆ ಉಳ್ಕಂಡೈತೆ."

ಅವಳು ಫೋನಿನ ಪರದೆಯ ಫೋಟೊ ತೆಗೆಯಲು ಹೋದಳು. ಜುಂಜಪ್ಪ ಫೋನನ್ನು ಮೆಲ್ಲಗೆ, ಮರ್ಯಾದೆಯಿಂದಲೇ, ಅವಳ ಕೈಯಿಂದ ಬಿಡಿಸಿಕೊಂಡ.

*

ರುದ್ರಮುನಿ ಅಂದು ಚನ್ನಗಿರಿ, ಹೊನ್ನಾಳಿ ಮುಗಿಸಿ ನ್ಯಾಮತಿಗೆ ಬರುವವನಿದ್ದ. ಅವನನ್ನು ಕಾಣಲು ಹೊರಟ ಸಂಧ್ಯಾರಾಣಿ ದಾವಣಗೆರೆಯಲ್ಲಿ ಬಸ್ ಬದಲಿಸಿದಳು. ಸೀಟಿನ ಮೇಲೆ ಯಾರೋ ಬಿಟ್ಟುಹೋದ ಪ್ರಚಾರದ ಕರಪತ್ರ ಸಿಕ್ಕಿತು. ಓದಿದಳು.

ಕೆರೆಬಿಳಚಿಯ ಸಾಧಾರಣ ಮನೆಯ ಹುಡುಗ. ಹೊನ್ನಾಳಿಯಲ್ಲಿ ಸೆಕ್ಷನ್ ಆಫೀಸರ್ ಆಗಿದ್ದಾಗ ಕಣ್ಣೆದುರು ಒಬ್ಬ ಲೈನ್‌ಮನ್ ಸತ್ತ. ಮರುದಿನವೇ ಗೋಡೆಗೆ ಮೊಳೆ ಹೊಡೆಸಿ ಕೀ ಪದ್ಧತಿ ತಂದ ಅಧಿಕಾರಿ. ಆಮೇಲೆ ಚನ್ನಗಿರಿಯಲ್ಲಿ ಬಡ್ತಿ, ಬೆಂಗಳೂರಿನಲ್ಲಿ ಮುಖ್ಯ ಎಂಜಿನಿಯರ್, ಕೊನೆಗೆ ಇಡೀ ರಾಜ್ಯದ ವಿದ್ಯುತ್ ದರ ನಿಗದಿ ಮಾಡುವ ಆಯೋಗದ ಸದಸ್ಯ. ಎಲ್ಲದಕ್ಕೂ ಆ ಮೊಳೆಯೇ ಮೊದಲ ಮೆಟ್ಟಿಲು ಎಂಬಂತೆ ಬರೆದಿದ್ದರು. ಜಗಳೂರು ಸಭೆ ನಡೆದಾಗ ಅವನಿನ್ನೂ ಆಯೋಗದಲ್ಲೇ ಇದ್ದ. ರಾಜೀನಾಮೆ ಕೊಟ್ಟದ್ದು ಅದಾದ ವಾರಕ್ಕೆ. ಇದನ್ನು ಕರಪತ್ರ ಹೇಳಿರಲಿಲ್ಲ.

ನ್ಯಾಮತಿಯ ಛತ್ರದ ಮುಂದೆ ಹನ್ನೆರಡು ಕಾರುಗಳಿದ್ದವು. ಅಡಿಕೆ ವ್ಯಾಪಾರಿ ಮಲ್ಲೇಶಪ್ಪ ಬಾಗಿಲಲ್ಲೇ ಅಡ್ಡ ನಿಂತ.

"ಕರೆಂಟ್ ಇನ್‌ಸ್ಪೆಕ್ಟ್ರಾ? ನಮ್ಮ ಮೀಟ್ರು ಸರಿ ಐತೆ ತಾಯಿ, ಹೋಗ್ಬನ್ನಿ." ಸುತ್ತಲಿನವರು ನಕ್ಕರು.

"ಬಿಡ್ರೀ ಮಲ್ಲೇಶಪ್ಪ, ನಮ್ಮ ಇಲಾಖೆ ಹೆಣ್ಮಗಳು," ಒಳಗಿನಿಂದ ಧ್ವನಿ ಬಂತು.

ರುದ್ರಮುನಿ ಚಾಪೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ಪೋಸ್ಟರಿನಲ್ಲಿದ್ದಷ್ಟು ನಗು ಇರಲಿಲ್ಲ. ದಣಿದಿದ್ದ. ತನ್ನ ಮುಂದಿನ ಮೆಣಸಿನಕಾಯಿ ಬಜ್ಜಿಯ ತಟ್ಟೆಯನ್ನು ಅವಳ ಕಡೆ ಸರಿಸಿದ.

"ತಿನ್ನಮ್ಮ. ಜಗಳೂರಿಂದ ಬಂದಿದ್ದೀಯ, ಹಸಿದಿರ್ತೀಯ."

"ಕೀ ಎಲ್ಲಿ ಸರ್?"

ಅವನು ಬಾಯಲ್ಲಿದ್ದದ್ದನ್ನು ನುಂಗಿ, ಕೈ ಒರೆಸಿಕೊಂಡು, ಸಹಾಯಕರಿಗೆಲ್ಲ ಹೊರಗಿರಲು ಹೇಳಿದ.

"ಹೊನ್ನಾಳಿಲಿ ಸತ್ತವನ ಹೆಸರು ಮುರುಗೇಶಪ್ಪ," ಎಂದ. "ಇವರ್ಯಾರಿಗೂ ಗೊತ್ತಿಲ್ಲ, ಕರಪತ್ರದಲ್ಲೂ ಹಾಕಿಸಿಲ್ಲ. ಅವನ ತಾಯಿ ನನ್ನ ಕಾಲರ್ ಹಿಡಿದಿದ್ಲು. ನಾನು ಮೊಳೆ ಹೊಡೆಸಿದ್ದು ಆ ಮುದುಕಿ ಹೆದರಿಕೆಗೆ. ಆಮೇಲೆ ಅದಕ್ಕೆ ಬಹುಮಾನ ಬಂತು. ಹಂಗಾಗಿ ಮೊಳೆ ಅಂದ್ರೆ ಏನು ಅಂತ ನೀನು ನನಗೆ ಹೇಳ್ಬೇಡ."

"ಹಾಗಾದ್ರೆ ಅವತ್ತು ಮೊಳೆ ಮೇಲಿದ್ದ ಕೀ ತೆಗೆಸಿದ್ದು ಯಾರು? ನೀವು ಹೇಳಿದ ಎರಡೇ ನಿಮಿಷಕ್ಕೆ ಲೈನ್ ಬಂತು ಅಂದ್ರೆ ಸಭೆಯಿಂದಲೇ ಫೋನ್ ಹೋಗಿದೆ."

"ನನ್ನ ಕೈಯಲ್ಲಿ ಮೈಕ್ ಇತ್ತು. ಎರಡು ಸಾವಿರ ಜನ ನೋಡಿದ್ದಾರೆ."

"ನೀವು ಮಾಡಿದ್ರಿ ಅನ್ಲಿಲ್ಲ ಸರ್. ಮಾಡಿಸಿದ್ರಿ ಅಂದೆ."

"ಲಾಗ್ ಪುಸ್ತಕದಲ್ಲಿ ಏನಿದೆ?"

"ಸುಳ್ಳಿದೆ."

"ಆಯೋಗದಲ್ಲಿ ಐದು ವರ್ಷ ಕೂತಿದ್ದೆನಮ್ಮ. ರೈತರು ಬರ್ತಿದ್ರು, ಅಳ್ತಿದ್ರು, ಬೈತಿದ್ರು. ಕೊನೆಗೆ ನಾವು ಬರೀತಿದ್ದದ್ದು ಕಾಗದದಲ್ಲಿ ಇದ್ದದ್ದನ್ನ ಮಾತ್ರ. ನೀನೂ ಅಷ್ಟೇ ಬರೀಬೇಕು." ಅವನು ಒಳಬಾಗಿಲ ಕಡೆ ತಿರುಗಿದ. "ಸುನೀತಮ್ಮಾ, ಬಾ ಇಲ್ಲಿ."

ಸಂಧ್ಯಾರಾಣಿಗೆ ಮೊದಲು ಅರ್ಥವಾಗಲಿಲ್ಲ. ಒಳಗಿನಿಂದ ಬಂದವಳು ಶರಣುವಿನ ಹೆಂಡತಿಯೇ. ಸೆರಗು ಹೊದ್ದು, ಗೋಡೆಗೆ ಆತು ನಿಂತಳು. ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಒಂದು ಕೀ.

"ಮನೇಲಿ ಇತ್ತು," ಸುನೀತಾ ಪಾಠ ಒಪ್ಪಿಸುವಂತೆ ಹೇಳಿದಳು. "ಅವತ್ತು ಕೀ ಮನೇಲೇ ಬಿಟ್ಟು ಹೋಗಿದ್ರು. ಗಾಡಿ ಹಿಂದಿನ ದಿನದಿಂದ ಸ್ಟೇಷನ್ ತಾವೇ ಇತ್ತು. ಬರ್ದು ಸೈನ್ ಹಾಕೀನಿ."

ಕೀ ಮನೆಯಲ್ಲಿತ್ತು ಎಂದರೆ ಮೊಳೆಯ ಮೇಲೆ ಇರಲಿಲ್ಲ. ಮೊಳೆಯ ಮೇಲೆ ಇರಲಿಲ್ಲ ಎಂದರೆ ಶರಣು ಲೈನ್ ಬಂದ್ ಮಾಡಿಸಿರಲಿಲ್ಲ. ತಪ್ಪು ಅವನದೇ.

ಸಂಧ್ಯಾರಾಣಿ ಕೀ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಹಲ್ಲುಗಳು ಹರಿತವಾಗಿದ್ದವು. ಎಲ್ಲೂ ಒಂದು ಗೀರಿಲ್ಲ. ಉಂಗುರಕ್ಕೆ ಶೋರೂಮಿನವರು ಕಟ್ಟಿದ್ದ ನಂಬರಿನ ಪುಟ್ಟ ತಗಡು ಹಾಗೇ ಇತ್ತು. ಆರು ವರ್ಷ ಓಡಿದ ಬೈಕಿನ ಕೀ ಹೀಗಿರುವುದಿಲ್ಲ. ಹೊಸ ಗಾಡಿ ಕೊಂಡಾಗ ಎರಡು ಕೀ ಕೊಡುತ್ತಾರೆ. ಒಂದು ಓಡಾಡುತ್ತದೆ, ಇನ್ನೊಂದು ಬೀರುವಿನಲ್ಲಿ ಸೀರೆಯ ಕೆಳಗೆ ಉಳಿಯುತ್ತದೆ.

ಅವಳು ತಲೆ ಎತ್ತಿದಳು. ರುದ್ರಮುನಿ ಅವಳನ್ನೇ ನೋಡುತ್ತಿದ್ದ. ಅವನಿಗೂ ಗೊತ್ತಿತ್ತು. ಅವಳಿಗೆ ಗೊತ್ತಾಗುತ್ತದೆಂಬುದೂ ಗೊತ್ತಿತ್ತು.

"ಇದು ಸ್ಪೇರ್ ಕೀ ಅಂತ ಬರಿ," ಎಂದ ಶಾಂತವಾಗಿ. "ಬರೆದ್ರೆ ಸುಳ್ಳು ಹೇಳಿಕೆ ಕೊಟ್ಟವಳು ಇವಳಾಗ್ತಾಳೆ. ನಾನಲ್ಲ."

ಸಂಧ್ಯಾರಾಣಿ ಕೀಯನ್ನು ಸುನೀತಾಳ ಅಂಗೈಗೆ ವಾಪಸ್ ಇಟ್ಟು ಎದ್ದಳು. ಬಜ್ಜಿ ಆರಿತ್ತು.

ಛತ್ರದ ಹಿಂದಿನ ನಲ್ಲಿಯ ಹತ್ತಿರ ಸುನೀತಾ ಓಡಿಬಂದು ಅವಳ ತೋಳು ಹಿಡಿದಳು.

"ಅಕ್ಕಾ, ಬಿಟ್ಬಿಡ್ರಿ ಅಕ್ಕಾ. ಸವಳಂಗದ ಆಫೀಸ್‌ನಾಗೆ ಕೆಲಸ ಕೊಡಿಸ್ತೀನಿ ಅಂದಾರೆ. ಕಸ ಹೊಡೆಯೋದಾದ್ರೂ ಕೆಲಸ."

"ತಪ್ಪು ನಿನ್ನ ಗಂಡಂದೇ ಅಂತ ನೀನೇ ಸೈನ್ ಹಾಕಿದ ಮೇಲೆ ಅವರಿಗೆ ನಿನ್ನಿಂದ ಏನಾಗ್ಬೇಕೈತೆ? ಎಲೆಕ್ಷನ್ ಮುಗಿದ ಮೇಲೆ ನಿನ್ನ ಫೋನ್ ಎತ್ತುತ್ತಾರಾ?"

"ಎತ್ತದೇ ಇರಬಹುದು. ನೀವು ಕೊಡಿಸ್ತೀರಾ ಕೆಲಸ?"

ಸಂಧ್ಯಾರಾಣಿ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡಿದಳು.

"ಮತ್ತೆ?" ಎಂದಳು ಸುನೀತಾ. ಕೋಪವೇನೂ ಇರಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದಳು.

*

ನ್ಯಾಮತಿ ಬಸ್ ನಿಲ್ದಾಣದಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಆರು ಗಂಟೆ ಆಗಿತ್ತು.

"ಓಂಕಾರ್ ಮೇಡಂ. ಸುನೀತಾ ಸೈನ್ ಹಾಕಿದ್ಲಂತೆ, ಹೌದಾ?"

"ಹೌದು."

ಆ ಕಡೆ ಬಾಗಿಲು ಹಾಕಿದ ಸದ್ದಾಯಿತು.

"ನಾನೇ ಮೇಡಂ ಕೀ ತೆಗ್ದಿದ್ದು. ಸಾಹೇಬ್ರು ಸ್ಟೇಜ್ ಮೇಲೆ ನಿಂತಾರೆ, ಲೈನ್ ಬಿಡು ಅಂತ ಫೋನ್ ಬಂತು. ಮೊಳೆ ಮ್ಯಾಗೆ ಕೀ ಐತ್ರಿ ಅಂದೆ. ಹಂಗಾದ್ರೆ ಕೀ ತೆಗಿ, ಅವಾಗ ಮೊಳೆ ಮೇಲೆ ಕೀ ಇರಲ್ಲ ಅಂದ್ರು. ನಗ್ತಾ ಅಂದ್ರು. ಶರಣು ಇಳಿದಿರ್ತಾನೆ ಅನ್ಕಂಡೆ. ತೆಗ್ದೆ."

"ಯಾರದು ಫೋನು?"

"ನನ್ನ ಫೋನ್‌ನಾಗೆ ಎಲ್ಲ ಕಾಲ್‌ಗಳೂ ತಾವೇ ರೆಕಾರ್ಡ್ ಆಗ್ತಾವೆ. ಮೆಮೊರಿ ಕಾರ್ಡು, ಶರಣು ಕೀ, ಎರಡೂ ಸುಣ್ಣದ ಡಬ್ಬಿಗೆ ಹಾಕಿ ಇಟ್ಟೀನಿ. ನನ್ನ ಮನೆ ಎರಡು ಸಲ ಹುಡುಕಿದ್ರು, ಸಿಗ್ಲಿಲ್ಲ. ಕೆರೆ ಏರಿ ಟ್ರಾನ್ಸ್‌ಫಾರ್ಮರ್ ಕಂಬದ ಮ್ಯಾಗೆ, ಅದರ ಎಣ್ಣೆ ಟ್ಯಾಂಕಿನ ಹಿಂದೆ ಐತೆ. ಅಲ್ಲಿ ಯಾರು ಕೈ ಹಾಕ್ತಾರೆ?"

ಅವಳು ಎದ್ದು ನಿಂತಳು. "ನೀನು ಹತ್ತಬೇಡ. ನಾನು ಬಂದ ಮೇಲೆ ಲೈನ್ ಬಂದ್ ಮಾಡಿಸಿ ತೆಗೆಸ್ತೀನಿ."

"ನೀವು ಬಂದು ಅರ್ಜಿ ಕೊಟ್ರೆ ಆಫೀಸಿಗೆ ಗೊತ್ತಾಗ್ತದೆ. ನಿಮಗಿಂತ ಮುಂಚೆ ಅವರು ಹೋಗಿರ್ತಾರೆ. ಲೈನ್ ಬರಾದು ಒಂಬತ್ತಕ್ಕೆ. ಬೆಳಗ್ಗೆ ಹೊಸಬಂಗೆ ಚಾರ್ಜ್ ಕೊಟ್ಟು ಹಂಗೇ ನಡ್ಕಂಡು ಹೋಗ್ತೀನಿ, ಎಂಟೂವರೆಗೆ ನಿಮ್ಮ ಕೈಗೆ ಡಬ್ಬಿ ಕೊಡ್ತೀನಿ. ಮೊಳೆಗೆ ನನ್ನ ಕೀ ಹಾಕೇ ಹೋಗೋದು ಮೇಡಂ. ಮೊಳೆ ಮ್ಯಾಗೆ ಕೀ ಇದ್ರೆ ಯಾರೂ ಲೈನ್ ಮುಟ್ಟಲ್ಲ."

ನೀನು ಮುಟ್ಟಿದೆಯಲ್ಲ, ಎಂಬ ಮಾತು ಅವಳ ನಾಲಿಗೆ ತುದಿಗೆ ಬಂತು. ಅವಳು ಆಡಲಿಲ್ಲ. ಫೋನ್ ಕಟ್ ಆಯಿತು. ಮತ್ತೆ ಹಚ್ಚಿದಾಗ ಸ್ವಿಚ್ ಆಫ್.

*

ಮರುದಿನ ಜಗಳೂರು ದಾರಿಯಲ್ಲಿ ಬಸ್ಸನ್ನು ಎರಡು ಕಡೆ ನಿಲ್ಲಿಸಿದರು. ರಸ್ತೆ ಬದಿಯಲ್ಲಿ ಬಾವುಟ ಕಟ್ಟುತ್ತಿದ್ದರು. ಸಂಧ್ಯಾರಾಣಿ ಹಿರೇಮಾಳದಲ್ಲಿ ಇಳಿದಾಗ ಎಂಟಕ್ಕೆ ಐದು ನಿಮಿಷ ಇತ್ತು.

ಬೇವಿನ ಮರದ ಕೆಳಗೆ ಈಗ ಎರಡು ಬೈಕು. ಶರಣುದು, ಪಕ್ಕದಲ್ಲಿ ಓಂಕಾರಂದು. ಅವಳು ಓಡಿದಳು.

ಒಳಗೆ ಇಸ್ತ್ರಿ ಮಾಡಿದ ಅಂಗಿಯ ಹೊಸ ಆಪರೇಟರ್ ಲಾಗ್ ಪುಸ್ತಕಕ್ಕೆ ಗೆರೆ ಹಾಕುತ್ತಿದ್ದ. ಪ್ರದೀಪ್ ಎಂದು ಎದ್ದು ನಿಂತು ಹೇಳಿಕೊಂಡ. ಮಂಗಳೂರು ಕಡೆಯ ಮಾತು.

ಗೋಡೆಯ ಮೊಳೆ ಖಾಲಿ ಇತ್ತು.

"ಇಲ್ಲೊಂದು ಕೀ ಇರಲಿಲ್ವಾ?"

"ಇತ್ತು ಮೇಡಂ. ಹಳೆ ಆಪರೇಟರ್ ಏಳಕ್ಕೇ ಚಾರ್ಜ್ ಕೊಟ್ಟು ಹೋದ್ರು, ಮರೆತಿರಬೇಕು. ಕಳೆದುಹೋಗೋದು ಬೇಡ ಅಂತ ತೆಗೆದಿಟ್ಟಿದ್ದೇನೆ." ಅವನು ಉಪಕಾರ ಮಾಡಿದವನ ಹೆಮ್ಮೆಯಿಂದ ಡ್ರಾಯರ್ ಎಳೆದ. ರಬ್ಬರ್ ಸ್ಟಾಂಪಿನ ಪಕ್ಕದಲ್ಲಿ ಹಸಿರು ಗಿಳಿ ಮಲಗಿತ್ತು.

"ಪಂಪ್‌ಸೆಟ್ ಲೈನ್ ಬಿಡಬೇಡ. ಒಂಬತ್ತಾದರೂ ಬಿಡಬೇಡ. ಕೇಳ್ತಾ?"

ಪ್ರದೀಪ್ ಗಡಿಯಾರ ನೋಡಿದ. ಆಮೇಲೆ ಅವಳನ್ನು ನೋಡಿದ.

"ಒಂಬತ್ತಕ್ಕಲ್ಲ ಮೇಡಂ. ಜಗಳೂರಿಗೆ ಸಾಹೇಬರು ಬರ್ತಾರಂತೆ, ಇವತ್ತು ಒಂದು ಗಂಟೆ ಮುಂಚೆಯೇ ಬಿಡು ಅಂತ ಫೋನ್ ಬಂತು. ನೀವು ಗೇಟಿನಲ್ಲಿ ಬರ್ತಿದ್ರಿ, ಆಗಲೇ ನಾನು..."

ಅವನು ಮಾತು ಮುಗಿಸಬೇಕಾಗಲಿಲ್ಲ. ಕಿಟಕಿಯಾಚೆ, ಟೀ ಅಂಗಡಿಯ ಬೆಂಚಿನ ಮೇಲೆ, ಜುಂಜಪ್ಪನ ಅಂಗಿ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅವನು ಎತ್ತಲಿಲ್ಲ. ಮೋಟಾರಿನ ಕಾಲ್ ಯಾರೂ ಎತ್ತುವುದಿಲ್ಲ.

ಪಕ್ಕದವನ ಫೋನ್ ಹೊಡೆದುಕೊಂಡಿತು. ಅದರಾಚೆಯವನದು. ಅಂಗಡಿಯವನದು. ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದವನದು.

ಜುಂಜಪ್ಪ ಎದ್ದು ನಿಂತು, ಗೇಟಿನೊಳಗಿನ ಎರಡು ಬೈಕುಗಳನ್ನು ನೋಡಿದ.